ಸೀನಿಯರ್ ಕುಡಿತಕ್ಕೆ ಬಿದ್ದಿದ್ದಾರೆ. ಕೈ ಹಿಡಿಯಲು ಹೋದ ಜೂನಿಯರ್‌ಗೆ ಕಾನೂನಿನ ರಕ್ಷಣೆ ಇದೆಯೇ?

ಮಾಟುಂಗಾ ಜೂನಿಯರ್

ಎಲ್ಲರಿಗೂ ನಮಸ್ಕಾರ. ಹೆಸರು, ಕೋರ್ಟು ಯಾವುದನ್ನೂ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಮುಂಬೈಯಲ್ಲಿ ನಮ್ಮ ಕಡೆಯವರೇ ಆದ ಹಿರಿಯ ವಕೀಲರೊಬ್ಬರ ಚೇಂಬರಿನಲ್ಲಿದ್ದೇನೆ. ಪ್ಲೀಡಿಂಗ್ ಬರೆಯುವುದರಿಂದ ಹಿಡಿದು ಕೋರ್ಟಿನಲ್ಲಿ ನಿಲ್ಲುವುದರವರೆಗೆ ಎಲ್ಲ ಕಲಿಸಿದವರು ಅವರೇ. ಹೆಂಡತಿ ತೀರಿಕೊಂಡ ಮೇಲೆ ಕುಡಿತ ಹಿಡಿತ ತಪ್ಪಿದೆ. ಮಧ್ಯಾಹ್ನದ ನಂತರ ಕೋರ್ಟಿಗೆ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ತಾರೀಕು ನಾನು ತೆಗೆದುಕೊಳ್ಳುತ್ತೇನೆ, ಕಕ್ಷಿದಾರರಿಗೆ "ಸಾಹೇಬರಿಗೆ ಹುಷಾರಿಲ್ಲ" ಎನ್ನುತ್ತೇನೆ.

ಅವರ ಮಗನಿಗೂ ಬಾರ್ ಅಸೋಸಿಯೇಷನ್ನಿನ ಒಬ್ಬಿಬ್ಬರು ಹಿರಿಯರಿಗೂ ವಿಷಯ ತಿಳಿಸಿ, ಎಲ್ಲರೂ ಸೇರಿ ಚಿಕಿತ್ಸೆಗೆ ಒಪ್ಪಿಸಬೇಕು ಅಂತಿದ್ದೇನೆ. ನಾಳೆ ಸಾಹೇಬರೇ "ನನ್ನ ಹೆಸರು ಕೆಡಿಸಿದ" ಎಂದು ಮಾನನಷ್ಟ ಹಾಕಿದರೆ? ಅಥವಾ ಕಕ್ಷಿದಾರರು "ಗೊತ್ತಿದ್ದೂ ಮುಚ್ಚಿಟ್ಟ" ಎಂದು ಬಾರ್ ಕೌನ್ಸಿಲಿಗೆ ನನ್ನ ಮೇಲೆ ದೂರು ಕೊಟ್ಟರೆ? ಸಹಾಯಕ್ಕೆ ಹೋದವನಿಗೆ ಕಾಯ್ದೆಯಲ್ಲಿ ಎಲ್ಲಾದರೂ ಆಸರೆ ಇದೆಯೇ?

ಡೊಂಬಿವಲಿ ಶೆಟ್ರು

ಬೇರೆ ಚೇಂಬರ್ ನೋಡಿಕೊಳ್ಳಿ ಮಾರಾಯ್ರೆ. ಇದು ನಿಮ್ಮ ತಲೆಗೆ ಬರುವ ವಿಷಯ.

ಶಿವಾಜಿನಗರ ಕಟ್ಟೆ

ಶೆಟ್ರ, ಹಂಗಂದ್ರ ಹೆಂಗ್ರೀ? ಕಲಿಸಿದ ಗುರು ಬಿದ್ದಾಗ ಬಿಟ್ಟು ಹೋಗು ಅಂತೀರೇನು? ನಾನು ಪುಣೆ ಜಿಲ್ಲಾ ಕೋರ್ಟಿನ್ಯಾಗ ಪ್ರ್ಯಾಕ್ಟೀಸ್ ಮಾಡಾಂವ. ಇಂಥವ್ರನ್ನ ಎಲ್ಲಾರೂ ನೋಡ್ತಾರ, ಯಾರೂ ಬಾಯಿ ಬಿಡೂದಿಲ್ಲ. ಕ್ಯಾಂಟೀನಿನ್ಯಾಗ ಗುಸುಗುಸು, ಎದುರು ಬಂದ್ರ "ನಮಸ್ಕಾರ ಸರ್". ಕಡೀಕೆ ಒಂದಿನ ಶೋಕಸಭಾ. ತಮ್ಮಾ, ನೀ ಮಾಡ್ಲಿಕ್ಕೆ ಹೊಂಟಿದ್ದು ಖರೇನ ಛಲೋ ಕೆಲಸ. ಆದ್ರ ಕಾಯ್ದೆ ನಿನ್ನ ಬೆನ್ನಿಗಿಲ್ಲ, ಅದನ್ನೂ ತಿಳ್ಕೊ.

ಕಲಾಘೋಡಾ ಕನ್ನಡತಿ

ಬೆನ್ನಿಗೆ ಪೂರ್ತಿ ಇಲ್ಲ ಎನ್ನುವುದು ಸರಿ, ಆದರೆ ಏನೂ ಇಲ್ಲ ಎನ್ನಬೇಡಿ.

ಮೊದಲು ಮಾನನಷ್ಟ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಹಳೆಯ ಐಪಿಸಿ 499ರ ವಿನಾಯಿತಿಗಳೆಲ್ಲ ಹಾಗೆಯೇ ಉಳಿದಿವೆ. ಒಬ್ಬರ ಮೇಲೆ ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ದೂರು ಹೇಳಿದರೆ ಎಂಟನೇ ವಿನಾಯಿತಿ. ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಸದುದ್ದೇಶದಿಂದ ಹೇಳಿದರೆ ಒಂಬತ್ತನೆಯದು. ಮಗನಿಗೆ ಹೇಳುವುದು ಒಂಬತ್ತರಲ್ಲಿ ಕೂರುತ್ತದೆ. ಬಾರ್ ರೂಮಿನಲ್ಲಿ ನಾಲ್ಕು ಜನ ಇರುವಾಗ ಹೇಳಿದರೆ ಕೂರುವುದಿಲ್ಲ. ಯಾರಿಗೆ ಹೇಳಿದಿರಿ, ಎಷ್ಟು ಹೇಳಿದಿರಿ ಎನ್ನುವುದರಲ್ಲೇ ಸದುದ್ದೇಶ ಕಾಣುತ್ತದೆ.

ಆದರೆ ಈ ವಿನಾಯಿತಿಗಳೆಲ್ಲ ಕೇಸು ಬಿದ್ದ ಮೇಲೆ ನೀವು ಸಾಬೀತು ಮಾಡಿ ತೋರಿಸಬೇಕಾದವು. ಕೇಸೇ ಬೀಳದ ಹಾಗೆ ತಡೆಯುವ ರಕ್ಷಣೆ ಬೇರೆ. ಅದು 1961ರ ವಕೀಲರ ಕಾಯ್ದೆಯಲ್ಲಿ ಇರುವುದು 48ನೇ ಕಲಂನಲ್ಲಿ ಮಾತ್ರ. ಬಾರ್ ಕೌನ್ಸಿಲ್, ಅದರ ಸಮಿತಿ, ಅವುಗಳ ಸದಸ್ಯರು ಕಾಯ್ದೆಯ ಪ್ರಕಾರ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ದಾವೆ ಹೂಡುವಂತಿಲ್ಲ. ಜೂನಿಯರ್‌ಗೆ, ಗೆಳೆಯನಿಗೆ, ಬಾರ್ ಅಸೋಸಿಯೇಷನ್ನಿನ ಪದಾಧಿಕಾರಿಗೆ ಅದು ಇಲ್ಲ. ಅಸೋಸಿಯೇಷನ್ ಬೇರೆ, ಅದು ವಕೀಲರು ತಾವೇ ಕಟ್ಟಿಕೊಂಡ ಕೂಟ; ಕೌನ್ಸಿಲ್ ಬೇರೆ, ಅದು ವಕೀಲಿಯ ಪರವಾನಗಿ (ಸನದು) ಕೊಟ್ಟು ಶಿಸ್ತು ನೋಡುವ, ಕಾಯ್ದೆಯಿಂದ ಆದ ಸಂಸ್ಥೆ. ಇದನ್ನು ವಕೀಲರೇ ಕಲಸಿಕೊಳ್ಳುತ್ತಾರೆ.

ಅಂಧೇರಿ ಈಸ್ಟ್

ಕರ್ನಾಟಕದಲ್ಲಿ ವಕೀಲರ ರಕ್ಷಣೆಗೆ 2023ರ ಕಾಯ್ದೆ ಇದೆಯಲ್ಲ? ಮಹಾರಾಷ್ಟ್ರಕ್ಕೂ ಅದೇ ಬಂದರೆ ಸಾಕಾಗುತ್ತದೆ.

ಕಲಾಘೋಡಾ ಕನ್ನಡತಿ

ಅದು ವಕೀಲರ ಮೇಲಿನ ಹಲ್ಲೆ ತಡೆಯುವ ಕಾಯ್ದೆ. ಚಿಕ್ಕಮಗಳೂರಿನಲ್ಲಿ ವಕೀಲರ ಮೇಲೆ ಪೊಲೀಸರ ಹಲ್ಲೆಯ ಗಲಾಟೆ ಆದ ಮೇಲೆ ಬಂದದ್ದು. ಇಲ್ಲಿನ ವಿಷಯಕ್ಕೆ ಸಂಬಂಧವಿಲ್ಲ. ನಮ್ಮನ್ನು ಹೊರಗಿನವರು ಹೊಡೆದರೆ ಕಾಯ್ದೆ ಬೇಕು ಎಂದು ಬೀದಿಗೆ ಬರುತ್ತೇವೆ, ಒಳಗೊಳಗೇ ಕುಸಿಯುತ್ತಿರುವವರ ಬಗ್ಗೆ ಒಂದು ಕಲಂ ಕೇಳಿದ್ದು ನಾನು ನೋಡಿಲ್ಲ. 2025ರ ಫೆಬ್ರವರಿಯಲ್ಲಿ ವಕೀಲರ ತಿದ್ದುಪಡಿ ಮಸೂದೆಯ ಕರಡು ಬಂತು, ಮುಷ್ಕರ ತಡೆಯುವ ಕಲಂ ಮೇಲೆ ಗದ್ದಲವಾಯಿತು, ತಿಂಗಳೊಳಗೇ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ನಾವು ಕೇಳಬೇಕಾದ್ದನ್ನು ಕೇಳುವ ಸಮಯ ಅದೇ ಆಗಿತ್ತು.

ಗಲ್ಲಾಪೆಟ್ಟಿಗೆ

ಎಲ್ಲರೂ ವಕೀಲರ ಬಗ್ಗೆಯೇ ಮಾತಾಡ್ತಾ ಇದ್ದೀರಿ. ನಾನು ಕಕ್ಷಿದಾರ. ಥಾಣೆಯಲ್ಲಿ ಸಣ್ಣ ಹೋಟೆಲ್ ಉಂಟು. ಪಾಲುದಾರ ದುಡ್ಡು ನುಂಗಿದ, ದಾವೆ ಹಾಕಲಿಕ್ಕೆ ಕಾಗದವೆಲ್ಲ ಒಬ್ಬ ವಕೀಲರಿಗೆ ಕೊಟ್ಟೆ. ಅವರಿಗೂ ಇದೇ ಕಾಯಿಲೆ. ಆಫೀಸಿಗೆ ಹೋದಾಗಲೆಲ್ಲ ಹುಡುಗರು "ಸಾಹೇಬರು ಹೈಕೋರ್ಟಿನಲ್ಲಿದ್ದಾರೆ" ಅಂತ ಹೇಳ್ತಿದ್ದರು. ದಾವೆ ಹಾಕಿಯೇ ಇರಲಿಲ್ಲ, ಮೂರು ವರ್ಷದ ಅವಧಿ ದಾಟಿಹೋಯ್ತು. ಆ ಹುಡುಗರಿಗೆಲ್ಲ ಗೊತ್ತಿತ್ತು. ಗುರುಭಕ್ತಿ ಅಂತ ನೀವು ಹೇಳುವುದು ನನಗೆ ಎಷ್ಟು ಲಕ್ಷಕ್ಕೆ ಬಿತ್ತು ಗೊತ್ತುಂಟಾ? ಈಗ ಆ ಹುಡುಗರಿಗೆ ಕಾನೂನಿನ ರಕ್ಷಣೆ ಬೇರೆ ಕೊಡಬೇಕಂತೆ!

ಅಂಧೇರಿ ಈಸ್ಟ್

ವಿಳಂಬ ಮನ್ನಾ ಅರ್ಜಿ ಹಾಕಬಹುದಿತ್ತಲ್ಲ ಸರ್? ವಕೀಲರ ತಪ್ಪಿಗೆ ಕಕ್ಷಿದಾರ ನರಳಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ವಾಸ್ಕೋ ವಕೀಲ

ಹೇಳಿದೆ, 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ. ಆದರೆ ಅಲ್ಲಿ ಮೇಲ್ಮನವಿ ಆಗಲೇ ಕೋರ್ಟಿನಲ್ಲಿತ್ತು, ವಿಚಾರಣೆಯ ದಿನ ವಕೀಲ ಬರಲಿಲ್ಲ. ಇವರದ್ದು ಹಾಗಲ್ಲ. ವಿಳಂಬ ಮನ್ನಾ ಮಾಡುವ ಕಾಲಮಿತಿ ಕಾಯ್ದೆಯ 5ನೇ ಕಲಂ ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ, ಮೂಲ ದಾವೆಗೆ ಅನ್ವಯಿಸುವುದಿಲ್ಲ. ಅವಧಿ ಮೀರಿದ ದಾವೆ ಮೀರಿದ್ದೇ. ಗ್ರಾಹಕ ಕೋರ್ಟಿಗೆ ಹೋಗೋಣ ಎಂದರೆ ಆ ಬಾಗಿಲನ್ನೂ 2024ರ ಮೇ 14ರಂದು ಸುಪ್ರೀಂ ಕೋರ್ಟು ಮುಚ್ಚಿತು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ಬರುವುದಿಲ್ಲ ಎಂದಿತು. ಉಳಿದದ್ದು ಸಿವಿಲ್ ಕೋರ್ಟಿನಲ್ಲಿ ನಿರ್ಲಕ್ಷ್ಯದ ದಾವೆ, ಬಾರ್ ಕೌನ್ಸಿಲಿನಲ್ಲಿ ವಕೀಲರ ಕಾಯ್ದೆಯ 35ನೇ ಕಲಂ ದೂರು.

ಗಲ್ಲಾಪೆಟ್ಟಿಗೆಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಹುಡುಗರು ಯಾಕೆ ಸುಳ್ಳು ಹೇಳಿದರು ಎಂದು ಒಮ್ಮೆ ಯೋಚಿಸಿ. ಸತ್ಯ ಹೇಳಿದರೆ ಹೋಗುವ ದಾರಿ ಒಂದೇ, 35ನೇ ಕಲಂ. ಅಲ್ಲಿ ಶಿಸ್ತು ಸಮಿತಿ ಕೊಡಬಹುದಾದದ್ದು ಏನು? ದೂರು ವಜಾ, ಛೀಮಾರಿ, ಅಮಾನತು, ಇಲ್ಲವೇ ಪಟ್ಟಿಯಿಂದಲೇ ಹೆಸರು ತೆಗೆಯುವುದು. ಚಿಕಿತ್ಸೆಗೆ ಕಳಿಸುವ ದಾರಿ ಆ ಕಲಂನಲ್ಲಿ ಇಲ್ಲ. ಗುರುವಿನ ಸನದು ಹೋಗಲಿ ಎಂದು ಯಾವ ಜೂನಿಯರ್ ದೂರು ಬರೆಯುತ್ತಾನೆ? ಬರೆಯುವುದಿಲ್ಲ. ಮುಚ್ಚಿಡುತ್ತಾನೆ. ನಿಮ್ಮ ದಾವೆ ಮುಳುಗಿದ್ದು ಅಲ್ಲಿ.

ಗಲ್ಲಾಪೆಟ್ಟಿಗೆ

ಕಾರಣ ಏನೇ ಇರಲಿ, ಹೋದದ್ದು ನನ್ನ ದುಡ್ಡು.

ಕೋಥ್ರೂಡ್ ಕುಲಕರ್ಣಿ

ನನ್ನ ತಂಗಿ ಟೆಕ್ಸಾಸಿನಲ್ಲಿ ವಕೀಲೆ. ಅಲ್ಲಿನ ವ್ಯವಸ್ಥೆ ಹೇಳುತ್ತೇನೆ, ಈ ಜಗಳಕ್ಕೆ ಉಪಯೋಗವಾಗುತ್ತದೆ.

ಅಮೆರಿಕದಲ್ಲಿ ಒಬ್ಬ ವಕೀಲ ಇನ್ನೊಬ್ಬ ವಕೀಲನ ಗಂಭೀರ ದುರ್ನಡತೆಯನ್ನು ಕಂಡರೆ ವರದಿ ಮಾಡಲೇಬೇಕು ಎಂಬ ನಿಯಮವಿದೆ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 8.3 ಅದು. ಅದರಲ್ಲೇ ಒಂದು ಕಿಟಕಿ ತೆರೆದಿದ್ದಾರೆ: ಅಂಗೀಕೃತ ವಕೀಲರ ನೆರವು ಕಾರ್ಯಕ್ರಮದಲ್ಲಿ ಭಾಗವಹಿಸುವಾಗ ತಿಳಿದ ಸಂಗತಿಯನ್ನು ವರದಿ ಮಾಡುವ ಹೊಣೆ ಇಲ್ಲ. ಕುಡಿತಕ್ಕೆ ಬಿದ್ದ ವಕೀಲ ಇನ್ನೊಬ್ಬ ವಕೀಲನ ಹತ್ತಿರ ಹೆದರದೆ ಬಾಯಿ ಬಿಡಲಿ ಎಂದು. ಟೆಕ್ಸಾಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರೋಗ್ಯ ಸಂಹಿತೆಯ 467ನೇ ಅಧ್ಯಾಯದಲ್ಲಿ, ಇಂಥ ಕಾರ್ಯಕ್ರಮಕ್ಕೆ ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಹೊಣೆ ಬೀಳುವುದಿಲ್ಲ ಎಂದೇ ಬರೆದಿದ್ದಾರೆ. ಜೂನಿಯರ್ ಅವರು ಕೇಳಿದ ಪ್ರಶ್ನೆಗೆ ನೇರ ಉತ್ತರ ಅದು. ನಮ್ಮಲ್ಲಿ ಇಲ್ಲದ್ದೂ ಅದೇ.

ಅವರು ಕಣ್ಣು ತೆರೆದದ್ದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12,825 ವಕೀಲರನ್ನು ಕೇಳಿದಾಗ ಶೇ. 20.6ರಷ್ಟು ಜನರ ಕುಡಿತ ಅಪಾಯದ ಮಟ್ಟದಲ್ಲಿತ್ತು, ಶೇ. 28 ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ವೃತ್ತಿಗೆ ಬಂದು ಹತ್ತು ವರ್ಷವಾಗದವರಲ್ಲೇ ಕುಡಿತದ ತೊಂದರೆ ಹೆಚ್ಚು. ಅಂದರೆ ಹಿರಿಯರ ಕಾಯಿಲೆ ಎಂದುಕೊಳ್ಳಬೇಡಿ, ನಿಮ್ಮ ವಯಸ್ಸಿನವರದ್ದೇ.

ಡೊಂಬಿವಲಿ ಶೆಟ್ರು

ಅಮೆರಿಕದ ಕಥೆ ಇಲ್ಲಿಗೆ ಎಂತಕ್ಕೆ? ಇಲ್ಲಿ ಸಿವಿಲ್ ಕೋರ್ಟಿನ ಸ್ಟೂಲಿನಲ್ಲಿ ಕೂತು ಅಫಿಡವಿಟ್ ಮಾಡಿಸುವವನಿಗೆ ನೆರವು ಕಾರ್ಯಕ್ರಮ ಯಾರು ಕೊಡ್ತಾರೆ?

ಶಿವಾಜಿನಗರ ಕಟ್ಟೆ

ಶೆಟ್ರ, ಅಮೆರಿಕಾ ಯಾಕ, ನಮ್ಮ ದೇಶದಾಗ ಇದೇ ತತ್ವದ ಕಾಯ್ದೆ ಐತಿ. ರಸ್ತೆ ಅಪಘಾತದಾಗ ಬಿದ್ದವನ್ನ ದವಾಖಾನಿಗೆ ಒಯ್ದವನ ಮ್ಯಾಲ ಕೇಸ್ ಹಾಕಬ್ಯಾಡ್ರಿ ಅಂತ 2019ರ ತಿದ್ದುಪಡಿಯೊಳಗ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸ್ಯಾರ. ಅದಕ್ಕೂ ಮೊದಲ 2016ರಾಗ ಸುಪ್ರೀಂ ಕೋರ್ಟು ಆ ಮಾರ್ಗಸೂಚಿಗೆ ಕಾಯ್ದೆಯ ಬಲ ಕೊಟ್ಟಿತ್ತು. ಯಾಕ ಬೇಕಾತು? ಮಂದಿ ಪೊಲೀಸ್ ಸ್ಟೇಷನ್ ಅಲೆದಾಟಕ್ಕ ಅಂಜಿ ನೋಡಕೋತ ನಿಲ್ಲತಿದ್ರು. ಬಾರ್ ರೂಮಿನ್ಯಾಗ ನಾವು ನಿಂತಿದ್ದೂ ಹಂಗ. ರಸ್ತೆಮ್ಯಾಲೆ ಬಿದ್ದವನ ಕೈ ಹಿಡದ್ರ ರಕ್ಷಣಾ, ಚೇಂಬರಿನ್ಯಾಗ ಬಿದ್ದವನ ಕೈ ಹಿಡದ್ರ ನೋಟಿಸು. ಇದು ಬದಲಾಗಬೇಕ.

ಮಾದಕ ವಸ್ತುಗಳ ಕಾಯ್ದೆಯ 64ಎ ಸುದ್ದಾ ನೋಡ್ರಿ. ವ್ಯಸನಿ ತಾನಾಗೇ ಚಿಕಿತ್ಸೆಗೆ ಬಂದ್ರ ಸಣ್ಣ ಪ್ರಮಾಣದ ಅಪರಾಧಕ್ಕ ವಿಚಾರಣೆಯಿಂದ ವಿನಾಯಿತಿ. ಚಿಕಿತ್ಸೆ ಪೂರ್ತಿ ಮಾಡ್ಲಿಲ್ಲಂದ್ರ ಆ ವಿನಾಯಿತಿ ಹಿಂದ ತಗೋಬಹುದು. ಷರತ್ತು ಐತಿ, ಪುಕ್ಕಟೆ ಮಾಫಿ ಅಲ್ಲ.

ಯರವಡಾ ಡಾಕ್ಟರ್

ಮನೋವೈದ್ಯ ನಾನು. ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಎಂಬುದರ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳೂ ಸೇರಿವೆ. ಹಾಗಾಗಿ ನಿಮ್ಮ ಸಾಹೇಬರು ಚಿಕಿತ್ಸೆಗೆ ಬಂದರೆ 23ನೇ ಕಲಂ ಪ್ರಕಾರ ಅವರ ಗೋಪ್ಯತೆ ಕಾಯುವುದು ನಮ್ಮ ಕರ್ತವ್ಯ. ಬಾರ್ ಕೌನ್ಸಿಲ್ ಫೋನ್ ಮಾಡಿ ಕೇಳಿದರೂ ನಾವು ಹೇಳುವಂತಿಲ್ಲ. ಕೋರ್ಟಿನ ಆದೇಶ, ಇನ್ನೊಬ್ಬರಿಗೆ ಹಾನಿಯಾಗುವ ಭಯ ಮುಂತಾದ ಕೆಲವೇ ಸಂದರ್ಭ ಬೇರೆ. ಚಿಕಿತ್ಸೆ ತೆಗೆದುಕೊಂಡರು ಅಂದಮಾತ್ರಕ್ಕೆ ಬುದ್ಧಿಭ್ರಮಣೆ ಆದವರು ಎನ್ನುವಂತಿಲ್ಲ ಎಂದೂ 3ನೇ ಕಲಂ ಹೇಳುತ್ತದೆ. "ಆಸ್ಪತ್ರೆಗೆ ಹೋದರೆ ಸನದು ಹೋಗುತ್ತದೆ" ಎಂಬ ಹೆದರಿಕೆಯಿಂದ ಬಾರದೇ ಉಳಿಯುವ ವಕೀಲರಿಗೆ ಇದನ್ನು ತಿಳಿಸಿ.

ಆದರೆ ಈ ಕಾಯ್ದೆ ಡಾಕ್ಟರಿಗೆ ಬಾಯಿ ಕಟ್ಟುತ್ತದೆ, ಗೆಳೆಯನಿಗೆ ಕಟ್ಟುವುದಿಲ್ಲ, ಗೆಳೆಯನನ್ನು ಕಾಯುವುದೂ ಇಲ್ಲ.

ಇನ್ನೊಂದು. ಸುಳ್ಳು ಹೇಳಿ ಕಾರಿನಲ್ಲಿ ಕೂರಿಸಿ ವ್ಯಸನಮುಕ್ತಿ ಕೇಂದ್ರಕ್ಕೆ ತಂದು ಬಿಡುವ ಕೆಲಸ ಮಾಡಲೇಬೇಡಿ. ಪುಣೆಯಲ್ಲಿ ನಾನು ಇದನ್ನು ಎಷ್ಟೋ ನೋಡಿದ್ದೇನೆ. ಒಪ್ಪಿಗೆ ಇಲ್ಲದ ಸೇರ್ಪಡೆಗೆ 89ನೇ ಕಲಂ ಇದೆ. ಅದಕ್ಕೆ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಇಬ್ಬರು ವೃತ್ತಿಪರರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರುವಂತಿಲ್ಲ. ಜೂನಿಯರ್ ಆ ಪ್ರತಿನಿಧಿ ಅಲ್ಲ. ಸಾಹೇಬರು ಯಾರನ್ನೂ ಹೆಸರಿಸದಿದ್ದರೆ ಆ ಸ್ಥಾನ ಮೊದಲು ಬರುವುದು ಸಂಬಂಧಿಕರಿಗೆ, ಅಂದರೆ ಮಗನಿಗೆ. ಈ ದಾರಿ ಬಿಟ್ಟು ಕೂಡಿಹಾಕಿದರೆ ಅಕ್ರಮ ಬಂಧನದ ಆರೋಪ ಬರುತ್ತದೆ, ಆಗ ಸದುದ್ದೇಶ ಎಂದರೆ ಯಾರೂ ಕೇಳುವುದಿಲ್ಲ.

ಇನ್ನು ಮನೆಯಲ್ಲಿ "ನಾಳೆಯಿಂದ ಒಂದು ತೊಟ್ಟೂ ಇಲ್ಲ" ಎಂದು ಬಾಟಲಿ ಕಿತ್ತಿಟ್ಟು ಬಿಡುವುದು ಅಪಾಯ. ಬಹಳ ಕಾಲ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಕುತ್ತು. ವೈದ್ಯರ ಕಣ್ಣೆದುರೇ ನಿಲ್ಲಿಸಬೇಕು.

ಮಾಟುಂಗಾ ಜೂನಿಯರ್

ಡಾಕ್ಟ್ರೇ, ತುಂಬಾ ಉಪಕಾರವಾಯಿತು. ಬಾಟಲಿ ಬಚ್ಚಿಡುವ ಯೋಚನೆ ಅವರ ಮಗನಿಗಿತ್ತು. ಇವತ್ತೇ ಹೇಳುತ್ತೇನೆ.

ಬಾಂದ್ರಾ ರಿಕ್ಲಮೇಷನ್

ಪುಣೆಯಲ್ಲಿ 1986ರಿಂದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಇದೆ, ಅವಚಟ ದಂಪತಿ ಶುರು ಮಾಡಿದ್ದು. ಇಲ್ಲಿ ಬಾಂದ್ರಾದಲ್ಲಿ ಫಾದರ್ ಜೋ ಪೆರೇರಾ ಅವರ ಕೃಪಾ ಫೌಂಡೇಷನ್ 1981ರಿಂದ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಮುಂಬೈಯಲ್ಲಿ ಬೇಕಾದಷ್ಟು ಕಡೆ ನಡೆಯುತ್ತವೆ, ಹೆಸರು ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು.

ಹಳೇ ರಾತ್ರಿಶಾಲೆ

ಸ್ವಲ್ಪ ಬೇರೆ ಮಾತು. ನಮ್ಮ ಕಾಲದಲ್ಲಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಹಗಲು ಹೋಟೆಲಿನಲ್ಲಿ ದುಡಿದು ವಕೀಲರಾದವರು ಎಷ್ಟೋ ಜನ. ಊರಿಗೆ ಹೋದರೆ "ಬೊಂಬಾಯಿ ವಕೀಲರು" ಅಂತ ಮರ್ಯಾದೆ, ಸಂಘದ ವೇದಿಕೆಯಲ್ಲಿ ಮುಂದಿನ ಸಾಲು. ಅಂಥವರಿಗೆ "ನನಗೆ ಆಗ್ತಾ ಇಲ್ಲ" ಅಂತ ಹೇಳಲಿಕ್ಕೆ ಬಾಯಿ ಎಲ್ಲಿಂದ ಬರಬೇಕು? ಇಡೀ ಊರಿನ ಮರ್ಯಾದೆ ಹೆಗಲ ಮೇಲೆ ಇದ್ದ ಹಾಗೆ ಬದುಕುತ್ತಾರೆ. ಮುಂಬೈ ಕನ್ನಡಿಗರಲ್ಲಿ ಈ ಗುಟ್ಟು ಜಾಸ್ತಿ, ಯಾಕೆಂದರೆ ಎಲ್ಲರಿಗೂ ಎಲ್ಲರೂ ಗೊತ್ತು. ಜೂನಿಯರ್ ತಮ್ಮಾ, ಸಂಘದವರಿಗೆ ಹೇಳಬೇಡ. ಮಗನಿಗೆ ಹೇಳು, ಅವರ ಜೊತೆ ವಕೀಲಿ ಶುರು ಮಾಡಿದ ಒಬ್ಬ ಗೆಳೆಯರಿಗೆ ಹೇಳು. ಅಷ್ಟು ಸಾಕು.

ಕಲಾಘೋಡಾ ಕನ್ನಡತಿ

ರಾತ್ರಿಶಾಲೆ ಅಣ್ಣ ಹೇಳಿದ್ದು ಕಾನೂನಿನ ದೃಷ್ಟಿಯಲ್ಲೂ ಸರಿ. ಕಡಿಮೆ ಜನ, ಸಂಬಂಧಪಟ್ಟ ಜನ.

ಈಗ ಚೇಂಬರಿನ ಕೆಲಸ. ಜೂನಿಯರ್, ನಿಮ್ಮ ಹೆಸರು ವಕಾಲತ್ನಾಮೆಯಲ್ಲಿ ಇದೆಯೇ? ಇದ್ದರೆ ಆ ಕೇಸುಗಳಲ್ಲಿ ಕಕ್ಷಿದಾರರಿಗೆ ನಿಮ್ಮದೂ ಹೊಣೆ, ನಡೆಸಬಹುದು. ಇಲ್ಲದಿದ್ದರೆ ಬಾರ್ ಕೌನ್ಸಿಲ್ ನಿಯಮ 39 ಅಡ್ಡ ಬರುತ್ತದೆ. ಈಗಾಗಲೇ ವಕಾಲತ್ತು ಹಾಕಿದ ವಕೀಲರ ಒಪ್ಪಿಗೆ ಬೇಕು, ಸಿಗದಿದ್ದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಪಡೆಯಬೇಕು. ಸಾಹೇಬರು ಬೆಳಿಗ್ಗೆ ಸರಿಯಾಗಿರುವ ಹೊತ್ತಿನಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ಯಾವ ಕೇಸಿನಲ್ಲಿ ಅವಧಿ ಯಾವಾಗ ಮುಗಿಯುತ್ತದೆ ಎಂಬ ಪಟ್ಟಿ ಇವತ್ತೇ ಮಾಡಿ. ಎಲ್ಲಕ್ಕಿಂತ ಮೊದಲ ಕೆಲಸ ಅದು, ಮಗನಿಗೆ ಹೇಳುವುದಕ್ಕಿಂತಲೂ ಮೊದಲು. ಅವರ ಬದಲು ಸಹಿ ಹಾಕುವುದು, ಹಿಂದಿನ ತಾರೀಕು ಹಾಕುವುದು ಯಾವ ಕಾರಣಕ್ಕೂ ಬೇಡ. ಸಹಾಯ ಮಾಡುವವರಿಗೆ ಎಂಥ ಕಾಯ್ದೆ ಬಂದರೂ ಅದಕ್ಕೆ ರಕ್ಷಣೆ ಕೊಡುವುದಿಲ್ಲ, ಕೊಡಲೂಬಾರದು.

ಗಲ್ಲಾಪೆಟ್ಟಿಗೆ

"ಸಾಹೇಬರಿಗೆ ಹುಷಾರಿಲ್ಲ" ಅಂತ ಹೇಳುವುದು ಸರಿಯಾ? ಅದಕ್ಕೆ ಉತ್ತರ ಕೊಡಿ.

ಕಲಾಘೋಡಾ ಕನ್ನಡತಿ

ಸುಳ್ಳಲ್ಲ, ಕಾಯಿಲೆಯೇ. ಯಾವ ಕಾಯಿಲೆ ಎಂದು ಹೇಳುವ ಅಗತ್ಯವಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮೋಸ. "ಹುಷಾರಿಲ್ಲ, ಬೇಗ ಸರಿಯಾಗುವ ಹಾಗಿಲ್ಲ, ನೀವು ಬೇರೆ ವಕೀಲರನ್ನು ನೋಡಿಕೊಳ್ಳುವುದಿದ್ದರೆ ಕೇಸಿನ ಕಟ್ಟು ಕೊಡುತ್ತೇವೆ" ಎಂಬುದು ಪೂರ್ತಿ ಮಾತು. ಫೀಸು ಬಾಕಿ ಇದೆ ಎಂದು ಕಟ್ಟು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಎಂದು 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಗಲ್ಲಾಪೆಟ್ಟಿಗೆ

ಇಷ್ಟು ಯಾರಾದರೂ ನನಗೆ ಹೇಳಿದ್ದರೆ ನಾನು ಅವರನ್ನು ಆಸ್ಪತ್ರೆಗೆ ಹೋಗಿ ಮಾತಾಡಿಸಿ ಬರ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ಹಗೆ ಇಲ್ಲ. ನನ್ನ ತಮ್ಮನೂ ಕುಡಿತದಿಂದಲೇ ಹೋದದ್ದು.

ಶಿವಾಜಿನಗರ ಕಟ್ಟೆ

ಅಣ್ಣಾ, ನೀವು ಹಿಂಗ ಹೇಳಿದ್ದು ಬಾಳ ದೊಡ್ಡ ಮಾತು.

ವಾಸ್ಕೋ ವಕೀಲ

ಸರಿ, ಹಾಗಾದರೆ ನಾವು ಏನು ಕೇಳಬೇಕು? ಮಹಾರಾಷ್ಟ್ರ ಮತ್ತು ಗೋವಾಕ್ಕೆ ಒಂದೇ ಬಾರ್ ಕೌನ್ಸಿಲ್. ವಕೀಲರ ಕಾಯ್ದೆಯ 6ನೇ ಕಲಂನಲ್ಲಿ ಬಡ, ಅಶಕ್ತ ಅಥವಾ ಇತರ ವಕೀಲರ ಕಲ್ಯಾಣ ಯೋಜನೆಗಳಿಗೆ ನಿಧಿ ಮಾಡಲು ಕೌನ್ಸಿಲಿಗೆ ಅಧಿಕಾರ ಇದೆ. 10ನೇ ಕಲಂ ಪ್ರಕಾರ ತನ್ನ ಸದಸ್ಯರಿಂದ ಬೇಕಾದ ಸಮಿತಿ ರಚಿಸಬಹುದು. ಆ ಸಮಿತಿ ನೆರವಿನ ಕೆಲಸ ಮಾಡಿದರೆ 48ರ ರಕ್ಷಣೆ ತಾನಾಗಿ ಸಿಗುತ್ತದೆ ಎಂದು ನನ್ನ ವಾದ. ಹೊಸ ಕಾಯ್ದೆಗೆ ಕಾಯಬೇಕಿಲ್ಲ.

ಕಲಾಘೋಡಾ ಕನ್ನಡತಿ

ಒಪ್ಪುವುದಿಲ್ಲ. ಸಮಿತಿ "ತನ್ನ ಸದಸ್ಯರಿಂದ" ಎಂದಿದೆ, ಅಂದರೆ ಚುನಾವಣೆ ಗೆದ್ದು ಬಂದ ಕೌನ್ಸಿಲ್ ಸದಸ್ಯರು. ಅವರೇ ಶಿಸ್ತು ಸಮಿತಿಯಲ್ಲೂ ಕೂರುವವರು. ಇವತ್ತು ನನ್ನ ಗುಟ್ಟು ಕೇಳಿದವರು ನಾಳೆ ನನ್ನ ಮೇಲಿನ ದೂರು ವಿಚಾರಿಸುತ್ತಾರೆ ಎಂದರೆ ಯಾರು ಬರುತ್ತಾರೆ? ನೆರವಿನವರು ಹೊರಗಿನವರಾಗಿರಬೇಕು: ಚೇತರಿಸಿಕೊಂಡ ವಕೀಲರು, ನಿವೃತ್ತ ನ್ಯಾಯಾಧೀಶರು, ವೈದ್ಯರು. ಅವರಿಗೆ 48 ಮುಟ್ಟುವುದಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾ 49ರ ಕೆಳಗೆ ನಿಯಮ ಮಾಡಿ ಗೋಪ್ಯತೆ ಕೊಡಿಸಬಹುದು, ಆದರೆ ಸಿವಿಲ್ ದಾವೆಯಿಂದ ರಕ್ಷಣೆ ಕೊಡಲು ಸಂಸತ್ತೇ ಬೇಕು. 48ಕ್ಕೆ ಒಂದು ಸಾಲು ಸೇರಿಸಿದರೆ ಸಾಕು.

ಕೋಥ್ರೂಡ್ ಕುಲಕರ್ಣಿ

ಗೋಪ್ಯತೆ ಅಂದರೆ ಎಲ್ಲಿಯವರೆಗೆ? ನೆರವಿಗೆ ಬಂದ ವಕೀಲ "ಕಕ್ಷಿದಾರನ ದುಡ್ಡು ಬಳಸಿಕೊಂಡೆ" ಎಂದರೆ?

ವಾಸ್ಕೋ ವಕೀಲ

ಅದು ಕಾಯಿಲೆಯಲ್ಲ, ಅಪರಾಧ. ಅಲ್ಲಿ ಗೋಪ್ಯತೆ ಮುರಿಯಬೇಕು.

ಯರವಡಾ ಡಾಕ್ಟರ್

ಮುರಿಯುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಅವನು ಆ ವಿಷಯ ಹೇಳುವುದೇ ಇಲ್ಲ. ವ್ಯಸನದಲ್ಲಿ ದುಡ್ಡಿನ ಗೋಟಾಳೆ ಸಾಮಾನ್ಯ. ಹೇಳಿದವನಿಗೆ ಮೊದಲು ಕಕ್ಷಿದಾರನ ಹಣ ತುಂಬಿಕೊಡಲು ಒಂದು ಅವಧಿ ಕೊಡಿ, ತುಂಬದಿದ್ದರೆ ಮುರಿಯಿರಿ. 64ಎ ಇರುವುದೂ ಹಾಗೇ ತಾನೆ?

ಗಲ್ಲಾಪೆಟ್ಟಿಗೆ

ಅವಧಿ ಕೊಡುವಾಗ ಕಕ್ಷಿದಾರನಿಗೆ ಹೇಳಬೇಕು. ನನ್ನ ದುಡ್ಡಿಗೆ ಅವಧಿ ಕೊಡುವವರು ನೀವ್ಯಾರು?

ಕಲಾಘೋಡಾ ಕನ್ನಡತಿ

ಇದು ಗಟ್ಟಿ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಮ್ಮ ಬೇಡಿಕೆಯ ಕರಡಿನಲ್ಲಿ ಇದೊಂದನ್ನು ಖಾಲಿ ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ: ಸದುದ್ದೇಶದಿಂದ ನೆರವಿಗೆ ಕರೆತಂದವರಿಗೆ ಸಿವಿಲ್ ರಕ್ಷಣೆ, ನೆರವಿನವರಿಗೆ ಗೋಪ್ಯತೆಯ ಕಟ್ಟು, ಶಿಸ್ತು ಸಮಿತಿಯಿಂದ ದೂರ, ಕಕ್ಷಿದಾರರ ಕೇಸಿನ ಕಟ್ಟು ತಕ್ಷಣ ವಾಪಸ್ಸು, ಸಹಿ ನಕಲು ಮತ್ತು ಸುಳ್ಳು ದಾಖಲೆಗೆ ರಕ್ಷಣೆ ಇಲ್ಲ. ಗಲ್ಲಾಪೆಟ್ಟಿಗೆಯವರೇ, ಕಕ್ಷಿದಾರರ ಭಾಗ ನೀವೇ ಬರೆದು ಕೊಡಿ, ನಾನು ಕಾಯ್ದೆಯ ಭಾಷೆಗೆ ತಿರುಗಿಸುತ್ತೇನೆ. ವಾಸ್ಕೋದವರು ಗೋವಾದ ಬಾರಿನಲ್ಲಿ ಸಹಿ ಸಂಗ್ರಹಿಸಲಿ.

ಗಲ್ಲಾಪೆಟ್ಟಿಗೆ

ಭಾನುವಾರ ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ ಬರೆದು ಕಳಿಸ್ತೇನೆ. ಖಾಲಿ ಬಿಟ್ಟ ಜಾಗಕ್ಕೂ ಸೇರಿಸಿ.